ಬೆನ್ನು ತಿರುಗಿಸಿ ಕೂತವರು



ಆಕಾಶವಾಣಿಯಲ್ಲಿ ಕೂತು ಹಾರ್ಮೋನಿಯಂ ಬಗ್ಗೆ ಮಾತಾಡುವುದೆಂದರೆ, ಹಿಂದೊಮ್ಮೆ ಜಗಳವಾಡಿ ಮಾತು ಬಿಟ್ಟಿದ್ದ ಬೀಗರ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. 1938ರಲ್ಲಿ ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರು ಈ ಪೆಟ್ಟಿಗೆಯ ಮೇಲೆ ಖಾರವಾದ ಲೇಖನವೊಂದನ್ನು ಬರೆದರು. ಈ ಪೆಟ್ಟಿಗೆಯಲ್ಲಿ ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರಲಾಗದು, ಶ್ರುತಿಯೂ ಈ ದೇಶದ್ದಲ್ಲ ಎಂಬುದು ದೂರು. ಅನೇಕ ದೊಡ್ಡವರು ಹೌದೆಂದರು. 1940ರ ಮಾರ್ಚಿನಿಂದ ಹಾರ್ಮೋನಿಯಂಗೆ ಬಾನುಲಿಯ ಬಾಗಿಲು ಮುಚ್ಚಿತು. ಅದು ಮತ್ತೆ ಅರ್ಧ ತೆರೆದದ್ದು 1971ರಲ್ಲಿ.

ನಾನು ಕೊಯಮತ್ತೂರಿನಲ್ಲಿ ಆ ಪೆಟ್ಟಿಗೆಯನ್ನು ಕಲಿತದ್ದು ಬಾಗಿಲು ಮುಚ್ಚಿದ್ದ ಕಾಲದಲ್ಲೇ. ಕಲಿಸಿದವರು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಒಬ್ಬ ಮೇಷ್ಟ್ರು. ಇವತ್ತಿನ ಮಾತು ಅವರ ಮತ್ತು ಅವರಂಥವರ ವಿಷಯ.

ನಮ್ಮದು ದೇವಾಂಗರ ಮನೆ. ಮೈಸೂರು ಸೀಮೆಯಿಂದ ಎಷ್ಟು ತಲೆಮಾರಿನ ಹಿಂದೆ ಇಳಿದು ಬಂದೆವೆಂಬ ಲೆಕ್ಕ ಯಾರಲ್ಲೂ ಇಲ್ಲ. ಮನೆಯೊಳಗೆ ನಮ್ಮದೇ ಒಂದು ಕನ್ನಡ, ಹೊಸಿಲು ದಾಟಿದರೆ ತಮಿಳು. ವರ್ಷಕ್ಕೊಮ್ಮೆ ಚೌಡೇಶ್ವರಿ ಅಮ್ಮನ ಮುಂದೆ ಅಲಗು ಸೇವೆ. ನನ್ನ ಸೋದರಮಾವ ಮಾತ್ರ ಮಗ್ಗ ಬಿಟ್ಟು ನಾಟಕ ಕಂಪನಿಗಳ ಹಿಂದೆ ಅಲೆದವರು. ಕೊನೆಗೆ ಅವರು ಮನೆಗೆ ತಂದ ಆಸ್ತಿಯೆಂದರೆ ಒಂದು ಲೆಗ್ ಹಾರ್ಮೋನಿಯಂ. ಅದರ ತಿದಿ ಹರಿದಿತ್ತು, ರೀಡುಗಳಿಗೆ ಹಸಿರು ಕಿಲುಬು ಹತ್ತಿತ್ತು, ಒಳಗೆ ಇಲಿ ಸಂಸಾರ ಹೂಡಿತ್ತು. ರಿಪೇರಿ ಮಾಡುವವರು ಯಾರಿದ್ದಾರೆ ಎಂದು ವಿಚಾರಿಸಿದಾಗ ಸಿಕ್ಕಿದ್ದು ಒಂದೇ ವಿಳಾಸ. ಮಿಲ್ಲಿನ ಟೈಮ್ ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುವ, ಭಾನುವಾರ ಚರ್ಚಿನಲ್ಲಿ ಪೆಟ್ಟಿಗೆ ನುಡಿಸುವ ಮನುಷ್ಯ. ಊರಿನಲ್ಲಿ ಎಲ್ಲರಿಗೂ ಅವರು ‘ಆರ್ಗನ್ ಮಾಸ್ಟರ್’. ನಿಜವಾದ ಹೆಸರನ್ನು ನಾನು ಇಲ್ಲಿ ಹೇಳಿದರೆ ಅವರಿಗೆ ಹಿಡಿಸುತ್ತಿರಲಿಲ್ಲ.

ಮಾವ ಮತ್ತು ನಾನು ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಹೋದಾಗ ನನಗೆ ಹನ್ನೆರಡು ವರ್ಷ. ‘ವಾಂಗ ತಂಬಿ, ಉಕ್ಕಾರುಂಗ’ ಅಂದರು ಮಾಸ್ಟರು. ಕೊಂಗುನಾಡಿನ ತಮಿಳಿನ ಸೊಗಸೇ ಇದು. ಚಡ್ಡಿ ಹಾಕಿದ ಹುಡುಗನಿಗೂ ‘ಬನ್ನಿ, ಕೂತುಕೊಳ್ಳಿ’. ಆಮೇಲೆ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿ, ರೀಡುಗಳನ್ನು ಒಂದೊಂದಾಗಿ ಎಳೆದು ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿದರು. ಹಿತ್ತಾಳೆಯ ಹಲ್ಲುಗಳ ಹಾಗೆ ಕಂಡವು. ಕಾಲಿನಿಂದ ತುಳಿಯುವ ಪೆಟ್ಟಿಗೆಗಳಲ್ಲಿ ಎರಡು ಜಾತಿ ಎಂದು ಅವತ್ತೇ ತಿಳಿಯಿತು. ಒಂದು ಗಾಳಿಯನ್ನು ರೀಡಿನ ಮೂಲಕ ಹೊರಕ್ಕೆ ದಬ್ಬುತ್ತದೆ, ಅದು ಹಾರ್ಮೋನಿಯಂ. ಇನ್ನೊಂದು ಗಾಳಿಯನ್ನು ಒಳಕ್ಕೆ ಹೀರುತ್ತದೆ, ಅದು ಅಮೆರಿಕನ್ ಆರ್ಗನ್. ಹೊರಗೆ ದಬ್ಬುವುದರ ದನಿ ಜೋರು, ನಾಟಕಕ್ಕೆ ಸರಿ. ಹೀರುವುದರ ದನಿ ಮೆತ್ತಗೆ, ಜನ ಹಾಡುವಾಗ ಅದರ ಕೆಳಗೆ ಚಾಪೆ ಹಾಸಿದ ಹಾಗಿರುತ್ತದೆ. ಚರ್ಚಿಗೆ ಬೇಕಾದದ್ದು ಆ ಚಾಪೆ.

ಮಾವನ ಪೆಟ್ಟಿಗೆ ಸರಿಯಾಗಲು ಮೂರು ತಿಂಗಳಾಯಿತು. ಅಷ್ಟರಲ್ಲಿ ನಾನು ಅಲ್ಲೇ ಬೇರು ಬಿಟ್ಟಿದ್ದೆ.

ಶನಿವಾರ ಸಂಜೆ ಚರ್ಚಿನಲ್ಲಿ ಹಾಡುಗಾರರ ಅಭ್ಯಾಸ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನೀನು ಯಾರ ಮನೆಯವನು, ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಗುಂಪಿನಲ್ಲಿ ಇಪ್ಪತ್ತು ಇಪ್ಪತ್ತೆರಡು ಜನ. ನೂಲು ಸುತ್ತುವ ಖಾತೆಯ ಹೆಂಗಸರು, ಶಾಲೆಯ ಟೀಚರಮ್ಮಂದಿರು, ರೈಲ್ವೆಯವರು, ಒಬ್ಬರು ಕಂಪೌಂಡರು. ಗಂಡಸರ ದನಿಗೆ ಸದಾ ಬರ, ಏಕೆಂದರೆ ಅರ್ಧ ಜನ ರಾತ್ರಿ ಪಾಳಿಯಲ್ಲಿರುತ್ತಿದ್ದರು. ಯಾವ ವಾರ ಯಾರಿಗೆ ಯಾವ ಪಾಳಿ ಎಂಬುದು ಹಾಜರಿ ಪುಸ್ತಕ ಬರೆಯುವ ಮಾಸ್ಟರಿಗೆ ಬಾಯಿಪಾಠ. ಹಾಗಾಗಿ ಈ ಭಾನುವಾರ ನಾಲ್ಕು ದನಿಯ ಹಾಡೋ ಎರಡು ದನಿಯ ಹಾಡೋ ಎಂಬುದನ್ನು ಅವರು ಮಿಲ್ಲಿನ ಟೈಮ್ ಆಫೀಸಿನಲ್ಲೇ ತೀರ್ಮಾನಿಸಿಕೊಂಡು ಬರುತ್ತಿದ್ದರು. ಆಗಿನ ಕೊಯಮತ್ತೂರು ಎದ್ದು ಮಲಗುತ್ತಿದ್ದುದೇ ಮಿಲ್ಲಿನ ಸಂಗಿಗೆ. ಹೂಟರನ್ನು ಅಲ್ಲಿ ಸಂಗು ಅನ್ನುತ್ತಾರೆ, ಅಂದರೆ ಶಂಖ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಮೊದಲ ಮಿಲ್ಲನ್ನು ಕಟ್ಟಿದ ಮೇಲೆ ಊರಿನ ಹೊತ್ತುಗೊತ್ತನ್ನು ಆ ಸಂಗೇ ಹೇಳಿಕೊಂಡು ಬಂತು. ಅಭ್ಯಾಸದ ನಡುವೆ ಸಂಗು ಕೂಗಿದರೆ ಮಾಸ್ಟರು ಪೆಟ್ಟಿಗೆಯಲ್ಲಿ ಆ ದನಿಗೆ ಹತ್ತಿರದ ಸ್ವರದ ಮನೆಯನ್ನು ಒತ್ತಿ, ‘ಇವತ್ತು ಮುದಲಾಳಿ (ಧಣಿ) ಅರ್ಧ ಮನೆ ಇಳಿದಿದ್ದಾರೆ’ ಎಂದು ನಗಿಸುತ್ತಿದ್ದರು.

ಅವರು ನುಡಿಸಲು ಕೂತರೆ ಜನರಿಗೆ ಕಾಣುವುದು ಬೆನ್ನು ಮಾತ್ರ. ಆದರೆ ಪೆಟ್ಟಿಗೆಯ ತಲೆಯ ಮೇಲೆ, ಪುಸ್ತಕ ಇಡುವ ಹಲಗೆಯ ಪಕ್ಕದಲ್ಲಿ, ಕ್ಷೌರದಂಗಡಿಯಲ್ಲಿ ಇರುವಂಥ ಒಂದು ಚಿಕ್ಕ ಕನ್ನಡಿಯನ್ನು ಕಟ್ಟಿಕೊಂಡಿದ್ದರು. ಬೇರೆ ಊರುಗಳಲ್ಲೂ ಆರ್ಗನ್ ನುಡಿಸುವವರು ಹೀಗೆ ಕನ್ನಡಿ ಇಟ್ಟುಕೊಳ್ಳುತ್ತಾರೆಂದು ಆಮೇಲೆ ತಿಳಿಯಿತು. ಪಾದ್ರಿಗಳು ಎದ್ದದ್ದು, ಮದುಮಗಳು ಬಾಗಿಲಿಗೆ ಬಂದದ್ದು, ಶವಪೆಟ್ಟಿಗೆಯನ್ನು ಹೆಗಲಿಗೆ ಏರಿಸಿದ್ದು, ಎಲ್ಲವೂ ಅಂಗೈಯಗಲದ ಆ ಗಾಜಿನಲ್ಲಿ. ಅವರು ನೋಡುತ್ತಿದ್ದುದು ಇನ್ನೂ ಒಂದನ್ನು: ಮುಂದಿನ ಸಾಲಿನ ಮುದುಕಿಯರ ಭುಜ. ಹಾಡಿನ ಚರಣ ಮುಗಿದು ಮುಂದಿನದಕ್ಕೆ ಹೋಗುವ ಮುಂಚೆ ಆ ಭುಜಗಳು ಒಮ್ಮೆ ಏಳುತ್ತವೆ, ಉಸಿರು ತುಂಬಿಕೊಳ್ಳುತ್ತವೆ. ಅವು ಇಳಿಯುವ ಹೊತ್ತಿಗೆ ಸರಿಯಾಗಿ ಸ್ವರ ಬೀಳಬೇಕು. ‘ತಾಳ ಎಣಿಸುವ ಮೆಟ್ರೋನೋಮ್ ಯಾಕೆ ತಂಬಿ, ಪಾಟಿಯರ ಭುಜ ಇದೆಯಲ್ಲ’ ಎಂಬುದು ಅವರ ಪಾಠ. ಹೊಸದಾಗಿ ಕಲಿತವನು ಬೆರಳು ಓಡಿಸುತ್ತಾನೆ, ಜನ ಹಿಂದೆ ಬಿದ್ದು ಏದುಸಿರು ಬಿಡುತ್ತಾರೆ. ಹಳಬನಾದವನು ಜನರ ಉಸಿರಿಗೆ ಕಾಯುತ್ತಾನೆ.

ಈಗ ಒಂದು ಸಣ್ಣ ಶಾಸ್ತ್ರದ ವಿಷಯ. ರೇಡಿಯೋ ತಿರುಗಿಸಬೇಡಿ, ಬೇಗ ಮುಗಿಸುತ್ತೇನೆ. ಇಷ್ಟು ಜನರಲ್ಲಿ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಓದಬಲ್ಲವರು ಮೂರೋ ನಾಲ್ಕೋ. ಉಳಿದವರ ಕೈಯಲ್ಲಿದ್ದುದು ಗೆರೆಯೇ ಇಲ್ಲದ, ಬರೀ ಅಕ್ಷರಗಳ ಪುಸ್ತಕ: ಡೋ ರೇ ಮಿ ಎಂಬುದರ ಮೊದಲಕ್ಷರಗಳು, ನಡುವೆ ಚುಕ್ಕೆ, ಗೀಟು. ಇದನ್ನು ಟಾನಿಕ್ ಸೋಲ್-ಫಾ ಅನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಕರ್ವೆನ್ ಎಂಬ ಇಂಗ್ಲಿಷ್ ಪಾದ್ರಿ, ಸಾರಾ ಗ್ಲೋವರ್ ಎಂಬ ಶಿಕ್ಷಕಿಯ ಪದ್ಧತಿಯನ್ನು ತಿದ್ದಿ ಹರಡಿದ್ದು. ಅವರು ಕಾಂಗ್ರಿಗೇಷನಲ್ ಪಂಗಡದವರು. ಕೊಯಮತ್ತೂರಿಗೆ 1830ರಲ್ಲಿ ಅಡಿಸ್ ದಂಪತಿಯನ್ನು ಕಳಿಸಿದ ಲಂಡನ್ ಮಿಷನ್ನಿನ ಹಿಂದೆ ಇದ್ದವರೂ ಬಹುಮಟ್ಟಿಗೆ ಅದೇ ಪಂಗಡದವರು. ಹಾಗಾಗಿ ಆ ಮಿಷನ್ ಹೋದ ಕಡೆಯೆಲ್ಲ, ಮಡಗಾಸ್ಕರ್‌ಗೂ ಕೊಂಗುನಾಡಿಗೂ, ಈ ಅಕ್ಷರದ ಹಾಡು ಹೋಯಿತು. ಇದರಲ್ಲಿ ಡೋ ಎಂಬುದು ಪೆಟ್ಟಿಗೆಯ ಯಾವುದೋ ಒಂದು ಮನೆಗೆ ಅಂಟಿಕೊಂಡಿಲ್ಲ. ನೀವು ಎಲ್ಲಿಂದ ಹಿಡಿದರೆ ಅದೇ ಡೋ. ನಮ್ಮ ಷಡ್ಜವೂ ಹಾಗೆಯೇ ಅಲ್ಲವೇ? ಬಿಳಿ ಎರಡಾದರೂ ಸ, ಕರಿ ಒಂದಾದರೂ ಸ. ಸರಳೆ ವರಸೆ ಕಲಿತ ಮಗುವಿಗೆ ಕರ್ವೆನ್ ಪುಸ್ತಕ ಒಂದು ವಾರದ ಕೆಲಸ. ಮಾಸ್ಟರು ಕಪ್ಪು ಹಲಗೆಯ ಮೇಲೆ ಎಡಗಡೆ ಸರಿಗಮ, ಬಲಗಡೆ ಡೋ ರೇ ಮಿ ಬರೆದು ನಡುವೆ ಸಮ ಎಂಬ ಗುರುತು ಹಾಕುತ್ತಿದ್ದರು. ಅವರ ಇಡೀ ವಿದ್ಯೆ ಆ ಗುರುತಿನಲ್ಲಿತ್ತು.

ಏಕೆಂದರೆ ಆ ಚರ್ಚಿನಲ್ಲಿ ಹಾಡುಗಳೂ ಎರಡು ಬಗೆ. ಒಂದು ‘ಪಾಮಾಲೈ’: ಜರ್ಮನಿಯದೋ ಇಂಗ್ಲೆಂಡಿನದೋ ಮಟ್ಟು, ಮೇಲೆ ತಮಿಳು ಮಾತು. ಇನ್ನೊಂದು ‘ಕೀರ್ತನೈ’: ಪಲ್ಲವಿ, ಅನುಪಲ್ಲವಿ, ಚರಣ, ತಲೆಯ ಮೇಲೆ ರಾಗತಾಳದ ಹೆಸರು. ಈ ಎರಡನೆಯದಕ್ಕೆ ಮೂಲಪುರುಷರಲ್ಲಿ ದೊಡ್ಡವರು ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864), ಸರ್ಫೋಜಿ ಮಹಾರಾಜನ ಸಹಪಾಠಿ. ಬಹುಕಾಲ ಆ ಹಾಡುಗಳು ಮನೆಯಲ್ಲಿ, ಬೀದಿಯಲ್ಲಿ ಇದ್ದವು, ಆರಾಧನೆಯ ಪುಸ್ತಕದಲ್ಲಿ ಜಾಗವಿರಲಿಲ್ಲ. 1853ರಲ್ಲಿ ಮಧುರೆಯ ಅಮೆರಿಕನ್ ಮಿಷನ್ನಿನ ಎಡ್ವರ್ಡ್ ವೆಬ್ ಅವನ್ನು ಸೇರಿಸಿ ಪುಸ್ತಕ ಮಾಡಿದ ಮೇಲೆ ಒಳಗೆ ಬಂದವು. ಬಂದರೂ ಪಂಕ್ತಿಭೇದ ಹೋಗಲಿಲ್ಲ. ಪಾಮಾಲೈ ಎಂದರೆ ಕೋಟು, ಕೀರ್ತನೈ ಎಂದರೆ ಪಂಚೆ. ಬೀದಿಯ ಧಾಟಿಯನ್ನು ದೇವರ ಮನೆಯೊಳಗೆ ತರಬಹುದೇ ಎಂಬ ಜಗಳ ಇತ್ತೀಚಿನವರೆಗೂ ಇತ್ತು.

ಆ ಜಗಳದಲ್ಲಿ ಪಂಚೆಯ ಕಡೆ ನಿಂತ ಒಬ್ಬ ಇಂಗ್ಲಿಷರ ವಿಷಯ ಹೇಳಲೇಬೇಕು. ಹರ್ಬರ್ಟ್ ಆರ್ಥರ್ ಪಾಪ್ಲಿ, ಹುಟ್ಟಿದ್ದು 1878ರಲ್ಲಿ. ಲಂಡನ್ ಮಿಷನ್ನಿನವರು, ಈರೋಡಿನಲ್ಲಿ ಕೆಲಸ ಮಾಡಿದವರು. ಈರೋಡು ಆಗ ಕೊಯಮತ್ತೂರು ಜಿಲ್ಲೆಯೊಳಗೇ ಇತ್ತು, ಬೇರೆಯಾದದ್ದು 1979ರಲ್ಲಿ. ಹಾಗೆ ನೋಡಿದರೆ 1956ರ ತನಕ ನಮ್ಮ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯದೇ. ಪಾಪ್ಲಿಯವರು ಊರೂರಿನಲ್ಲಿ ಸುವಾರ್ತೆ ಸಾರಲು ಹೊರಟಾಗ ಕಂಡದ್ದು, ಭಾಷಣಕ್ಕೆ ನಿಲ್ಲದ ಜನ ಕಥೆಗೆ ನಿಲ್ಲುತ್ತಾರೆ ಎಂಬುದು. ಕಥಾಕಾಲಕ್ಷೇಪ, ನಮ್ಮ ಹರಿಕಥೆಯ ಅಣ್ಣ. ಒಬ್ಬರು ಕಥೆ ಹೇಳುತ್ತ ಹಾಡಬೇಕು, ಹಿಂದೆ ಪಿಟೀಲು, ಮೃದಂಗ, ತಾಳ. ಪಾಪ್ಲಿಯವರು ಅದನ್ನು ಕಲಿತರು. ಎಲ್. ಐ. ಸ್ಟೀಫನ್ ಎಂಬುವರೊಡನೆ ಸೇರಿ 1914ರಲ್ಲಿ ಸಂಗೀತದಿಂದ ಸುವಾರ್ತೆ ಸಾರುವವರಿಗೆ ಒಂದು ಕೈಪಿಡಿ ಬರೆದರು. ಹಾಡುವ ಉಪದೇಶಿಗಳನ್ನು ತಯಾರು ಮಾಡಲು ಬೇಸಿಗೆಯಲ್ಲಿ ಭಾರತೀಯ ಸಂಗೀತದ ಶಾಲೆ ನಡೆಸಿದರು.

ಕರ್ನಾಟಕದ ಕೇಳುಗರಿಗೆ ಇಲ್ಲಿ ಒಂದು ಇರಿಸುಮುರಿಸು ಆಗಬಹುದು. ಜನರನ್ನು ತಮ್ಮ ಮತಕ್ಕೆ ಸೆಳೆಯಲು ಜನರದೇ ಹಾಡನ್ನು ಬಳಸಿದರಲ್ಲ ಎಂದು. ನಿಜ, ಉದ್ದೇಶ ಅದೇ. ಅವರದನ್ನು ಮುಚ್ಚಿಡಲೂ ಇಲ್ಲ. ಆದರೆ ಹಕ್ಕಿಗೆಂದು ಕಾಳು ಚೆಲ್ಲಲು ಹೋದವನು ಕಾಳಿನ ರುಚಿಗೆ ತಾನೇ ಮರುಳಾದ ಕಥೆ ಇದು. 1921ರಲ್ಲಿ ಅವರು ‘ಮ್ಯೂಸಿಕ್ ಆಫ್ ಇಂಡಿಯಾ’ ಎಂಬ ಪುಸ್ತಕ ಬರೆದರು. ರಾಗ, ತಾಳ, ವಾದ್ಯ, ವಾಗ್ಗೇಯಕಾರರು, ಉತ್ತರಾದಿ ದಕ್ಷಿಣಾದಿ ಎರಡೂ ಅದರಲ್ಲಿವೆ. ಮತಪ್ರಚಾರಕ್ಕೆ ಅಷ್ಟೆಲ್ಲ ಬೇಕಿರಲಿಲ್ಲ. 1931ರಲ್ಲಿ ತಿರುಕ್ಕುರಳಿನ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದರು. ವೈ.ಎಂ.ಸಿ.ಎ. ಸೇರಿದರು, ಅದರ ಮೊದಲ ಭಾರತೀಯ ಪ್ರಧಾನ ಕಾರ್ಯದರ್ಶಿ, ಸೇಲಂನ ಕೆ. ಟಿ. ಪಾಲ್ ಅವರ ಜೀವನಚರಿತ್ರೆಯನ್ನು 1938ರಲ್ಲಿ ಬರೆದರು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿದ್ದು ಸಂಗೀತದ ಪುಸ್ತಕವೇ. 1960ರಲ್ಲಿ ಅವರು ತೀರಿಕೊಂಡರು. ನಮ್ಮ ಪೆಟ್ಟಿಗೆಗೆ ಬಾನುಲಿಯ ಬಾಗಿಲು ಹಾಕಲು ಕಾರಣವಾದ ಫೌಲ್ಡ್ಸ್ ಇಂಗ್ಲಿಷರು, ಇದೇ ನಾಡಿಗೆ ಬಂದು ತಾಳ ಹಿಡಿದ ಪಾಪ್ಲಿಯೂ ಇಂಗ್ಲಿಷರು. ಇಬ್ಬರಿಗೂ ನಮ್ಮ ಸಂಗೀತದ ಮೇಲೆ ಪ್ರೀತಿಯೇ. ಈ ಸೋಜಿಗವನ್ನು ಬಿಡಿಸಲು ನನ್ನಿಂದ ಆಗಿಲ್ಲ.

ಕನ್ನಡದ ಕಡೆಯೂ ಇಂಥದೇ ಒಂದು ಹುಡುಕಾಟ ಇತ್ತು. ನಿಘಂಟಿನ ಕಿಟ್ಟೆಲ್ಲರನ್ನು ಎಲ್ಲರೂ ಬಲ್ಲರು, ಅದು 1894ರದು. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು ಯೇಸುವಿನ ಬಾಳನ್ನು ನಮ್ಮ ಪದ್ಯದ ಧಾಟಿಯಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಛಂದಸ್ಸಿಗೂ ಚರ್ಚಿನ ಹಾಡಿಗೂ ಏನು ಸಂಬಂಧ ಎಂದರೆ, ಸಂಬಂಧವೆಲ್ಲ ಅಲ್ಲೇ ಇದೆ. ‘ಮರಣ’ ಎಂಬ ಮಾತನ್ನು ತೆಗೆದುಕೊಳ್ಳಿ. ಮೂರೂ ಲಘು. ಜರ್ಮನ್ ಮಟ್ಟಿನಲ್ಲಿ ನಡುವಿನ ಸ್ವರಕ್ಕೆ ಎರಡು ಎಣಿಕೆ ಇದ್ದರೆ ಅದು ‘ಮರಾಣ’ ಆಗುತ್ತದೆ. ‘ಕರುಣೆ’ ಹೋಗಿ ‘ಕರೂಣೆ’. ದೇವರಿಗೆ ಅರ್ಥವಾದೀತು, ಮುಂದಿನ ಸಾಲಿನ ಮುದುಕಿಗೆ ನಗು ಬರುತ್ತದೆ. ತಮಿಳು ಪಾಮಾಲೈಯಲ್ಲೂ ಇಂಥ ಕಡೆ ಬೇಕಾದಷ್ಟು. ನಮ್ಮ ಮಾಸ್ಟರು ಅವನ್ನು ಕೆಂಪು ಪೆನ್ಸಿಲಿನಿಂದ ತಿದ್ದುತ್ತಿದ್ದರು. ಮಾತನ್ನಲ್ಲ, ಸ್ವರವನ್ನು. ಜರ್ಮನ್ ಮಟ್ಟು ಒಂದು ಎಣಿಕೆ ಬಿಟ್ಟುಕೊಟ್ಟರೆ ಏನೂ ಕೊಳ್ಳೆ ಹೋಗುವುದಿಲ್ಲ ಎಂಬುದು ಅವರ ವಾದ. ಒಮ್ಮೆ ಯಾರೋ ಹಿರಿಯರು ಇದನ್ನು ಆಕ್ಷೇಪಿಸಿದರು. ಮಾಸ್ಟರು ವಾದ ಮಾಡಲಿಲ್ಲ. ಮುಂದಿನ ಭಾನುವಾರ ಪುಸ್ತಕದಲ್ಲಿದ್ದಂತೆಯೇ ನುಡಿಸಿದರು, ಜನ ತಿದ್ದಿದಂತೆ ಹಾಡಿದರು, ನಾಲ್ಕು ಸಾಲಿನಲ್ಲಿ ಮೂರು ಸಲ ಡಿಕ್ಕಿ ಹೊಡೆದರು. ಆಮೇಲೆ ಆಕ್ಷೇಪ ಬರಲಿಲ್ಲ.

  

ಕೀರ್ತನೈ ಬಂದಾಗ ಮಾಸ್ಟರು ಏನು ಮಾಡುತ್ತಿದ್ದರು ಎಂಬುದನ್ನು ಹೇಳಬೇಕು. ನಾಲ್ಕು ದನಿಯ ಮೇಳವನ್ನು ಅವರು ಪೂರ್ತಿ ಕೈಬಿಡುತ್ತಿದ್ದರು. ಎಡಗೈಯಲ್ಲಿ ಸ, ಪ. ಅಷ್ಟೇ. ಬಲಗೈ ತೊಡೆಯ ಮೇಲೆ. ಗಮಕ ಬಾರದ ಪೆಟ್ಟಿಗೆಯಲ್ಲಿ ಗಮಕದ ಅಣಕು ಯಾಕೆ, ಶ್ರುತಿ ಕೊಟ್ಟು ಬಾಯಿ ಮುಚ್ಚಿಕೊಂಡಿರಬೇಕು ಎನ್ನುತ್ತಿದ್ದರು. ಫೌಲ್ಡ್ಸ್ ಹೇಳಿದ ಆಕ್ಷೇಪವೆಲ್ಲ ಅವರಿಗೆ ಗೊತ್ತಿತ್ತು, ಓದಿ ಅಲ್ಲ, ನುಡಿಸಿ. ಆನಂದಭೈರವಿಯ ಕೀರ್ತನೆಯೊಂದನ್ನು ನೂಲು ಸುತ್ತುವ ಖಾತೆಯ ಹೆಂಗಸರು ಎತ್ತಿಕೊಂಡಾಗ ಇಡೀ ಪೆಟ್ಟಿಗೆ ಬರೀ ತಂಬೂರಿಯಾಗಿ ಉಸಿರಾಡುತ್ತ ಕೂತಿರುತ್ತಿತ್ತು. 1950ರಿಂದ 59ರ ತನಕ ಕೊಯಮತ್ತೂರಿನ ಮೊದಲ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪ್ಪರಾಗಿದ್ದ ಎ. ಜೆ. ಅಪ್ಪಾಸಾಮಿಯವರು ಕ್ರೈಸ್ತಮತವನ್ನು ಭಕ್ತಿಮಾರ್ಗವೆಂದೇ ವಿವರಿಸಿ 1927ರಲ್ಲೇ ಪುಸ್ತಕ ಬರೆದಿದ್ದರು. ಆ ಪುಸ್ತಕ ಮಾಸ್ಟರ ಮನೆಯಲ್ಲಿರಲಿಲ್ಲ. ಅವರು ಓದುತ್ತಿದ್ದುದು ಹಾಡಿನ ಪುಸ್ತಕ ಮತ್ತು ಮಿಲ್ಲಿನ ಹಾಜರಿ, ಎರಡೇ.

ಆ ದಿನಗಳಲ್ಲಿ ಮದರಾಸು ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದವರು ಹ್ಯಾಂಡೆಲ್ ಮ್ಯಾನುಯೆಲ್. ಎಳುಂಬೂರಿನ ಸೇಂಟ್ ಆಂಡ್ರ್ಯೂಸ್ ಕರ್ಕಿನಲ್ಲಿ ಕೊಳವೆ ಆರ್ಗನ್ ನುಡಿಸುತ್ತಿದ್ದವರೂ ಅವರೇ. ಅವರ ಕಾರ್ಯಕ್ರಮ ಬಂದಾಗ ಮಾಸ್ಟರು ರೇಡಿಯೋ ಮುಂದೆ ಬೆರಳು ಆಡಿಸುತ್ತ ಕೂರುವುದನ್ನು ನೋಡಿದ್ದೇನೆ. ಅಸೂಯೆ ಇರಲಿಲ್ಲ. ‘ಅವರ ಪೆಟ್ಟಿಗೆಗೆ ಇಲಿ ಬರುವುದಿಲ್ಲ’ ಎಂದಷ್ಟೇ ಅಂದರು.

ಬೀದಿಯ ಹಾಡಿನ ಅದೇ ಜಗಳವನ್ನು ನೋಡಲು ಈಗ ಸ್ವಲ್ಪ ದೂರ ಹೋಗಿ ಬರೋಣ, ಅಮೆರಿಕದ ಷಿಕಾಗೊಗೆ. ಮಿಷನರಿಗಳು ಹೊತ್ತು ತರುತ್ತಿದ್ದ ಮಡಚುವ ಆರ್ಗನ್ನುಗಳಲ್ಲಿ ಹೆಸರಾದ ಬಿಲ್‌ಹಾರ್ನ್ ಪೆಟ್ಟಿಗೆ ಆ ಊರಿನದೇ. ಗಾಸ್ಪೆಲ್ ಎಂದು ಇವತ್ತು ಜಗತ್ತೆಲ್ಲ ಕರೆಯುವ ಕಪ್ಪು ಜನರ ಚರ್ಚ್ ಸಂಗೀತಕ್ಕೆ ರೂಪ ಕೊಟ್ಟ ಥಾಮಸ್ ಡಾರ್ಸಿ ಬಾಳಿದ್ದೂ ಅಲ್ಲೇ. ಹುಟ್ಟಿದ್ದು 1899ರಲ್ಲಿ, ಜಾರ್ಜಿಯಾದಲ್ಲಿ. ತಂದೆ ಊರೂರು ಸುತ್ತುವ ಬೋಧಕ, ತಾಯಿ ಆರ್ಗನ್ ನುಡಿಸುವವಳು. ಮಗ ಮಾತ್ರ ಹೆಂಡದಂಗಡಿಗಳಲ್ಲಿ ಪಿಯಾನೊ ನುಡಿಸಿದ, ಮಾ ರೇನಿ ಎಂಬ ದೊಡ್ಡ ಬ್ಲೂಸ್ ಗಾಯಕಿಯ ಮೇಳದಲ್ಲಿದ್ದ. ಪೋಲಿ ಹಾಡುಗಳಿಗೂ ಮಟ್ಟು ಹಾಕಿದ. ಆಮೇಲೆ ಆ ಬ್ಲೂಸಿನ ಎಳೆತ, ಆ ತೂಗಾಟ ಎಲ್ಲವನ್ನೂ ದೇವರ ಹಾಡಿಗೆ ತಂದ. ದೊಡ್ಡ ಚರ್ಚುಗಳವರು ಬಾಗಿಲಿನಿಂದಲೇ ಕಳಿಸಿದರು: ಹೆಂಡದಂಗಡಿಯ ಧಾಟಿ ಇಲ್ಲಿ ಬೇಡ ಎಂದು. ಡಾರ್ಸಿ ಒಂದೊಂದು ಹಾಳೆಯಲ್ಲಿ ಹಾಡು ಅಚ್ಚು ಹಾಕಿಸಿ ಕೆಲವು ಕಾಸಿಗೆ ಮಾರುತ್ತ ತಿರುಗಿದ. ಬೀದಿ ಮೂಲೆಯಲ್ಲಿ ನಿಂತು ಅದನ್ನು ಹಾಡಿ ತೋರಿಸುತ್ತಿದ್ದವಳು ಗಾಯಕಿ ಮಹೇಲಿಯಾ ಜಾಕ್ಸನ್.

1932ರಲ್ಲಿ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನವರು ಅವನನ್ನು ಹಾಡುಗಾರರ ಗುಂಪಿಗೆ ನಿರ್ದೇಶಕನಾಗಿ ಕರೆದರು. ಅದೇ ವರ್ಷದ ಆಗಸ್ಟಿನಲ್ಲಿ, ಅವನು ಸೇಂಟ್ ಲೂಯಿಸ್ ಊರಿಗೆ ಹಾಡಿಸಲು ಹೋಗಿದ್ದಾಗ, ಹೆಂಡತಿ ನೆಟ್ಟಿ ಹೆರಿಗೆಯಲ್ಲಿ ತೀರಿಹೋದಳು. ಕೂಸೂ ಉಳಿಯಲಿಲ್ಲ. ಆ ದುಃಖದಲ್ಲಿ ಹುಟ್ಟಿದ ‘ಪ್ರೆಷಸ್ ಲಾರ್ಡ್’ ಹಾಡನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ಶವಸಂಸ್ಕಾರದಲ್ಲಿ 1968ರಲ್ಲಿ ಮಹೇಲಿಯಾ ಹಾಡಿದಳು. ಆಕೆ 1971ರಲ್ಲಿ ಭಾರತಕ್ಕೂ ಬಂದು ಹಾಡಿ ಹೋದಳು. ಡಾರ್ಸಿ ಅದೇ ಚರ್ಚಿನಲ್ಲಿ ನಾಲ್ಕು ದಶಕ ಹಾಡಿಸಿ, 1993ರಲ್ಲಿ ತೀರಿಕೊ​ಂಡ. ಗಡಿಯಾರ ಮಾಡುತ್ತಿದ್ದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಆರ್ಗನ್ನೂ ಷಿಕಾಗೊದ್ದೇ. ಕೊಳವೆ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳು ಅದನ್ನು ಕೊಂಡವು, ಬೇಗನೆ ಅದೇ ಗಾಸ್ಪೆಲ್ಲಿನ ದನಿಯಾಯಿತು.

ಡಾರ್ಸಿಯ ಕಥೆಯನ್ನು ನಾನು ಓದಿದ್ದು ಬಹಳ ತಡವಾಗಿ, ಮಾಸ್ಟರು ಹೋದ ಮೇಲೆ. ಓದುವಾಗ ಕಣ್ಣ ಮುಂದೆ ಬಂದದ್ದು ಆ ಕೆಂಪು ಪೆನ್ಸಿಲು. ಅಲ್ಲೂ ಇಲ್ಲೂ ಬೀದಿಯ ಹಾಡಿಗೆ ಬಾಗಿಲು ತೆಗೆದವರು ಪೀಠದ ಮೇಲಿನವರಲ್ಲ. ಪುಸ್ತಕ ಬರೆದವರೂ ಅಲ್ಲ, ಪಾಪ್ಲಿಯವರು ಕ್ಷಮಿಸಲಿ. ಬೆನ್ನು ತಿರುಗಿಸಿ ಕೂತು ಕನ್ನಡಿಯಲ್ಲಿ ಜನರನ್ನು ನೋಡುತ್ತಿದ್ದವರು.

ಕಳೆದ ವರ್ಷ ತಿರುಪ್ಪೂರಿಗೆ ಹೋಗಿದ್ದೆ. ತಿರುಪ್ಪೂರು ಈಗ ಬೇರೆ ಜಿಲ್ಲೆ, 2009ರಿಂದ. ಮದುವೆಗೆಂದು ಹೋದವನು ಭಾನುವಾರ ಬೆಳಿಗ್ಗೆ ಕಾಲು ಎಳೆದ ಕಡೆ ನಡೆದೆ. ಬನಿಯನ್ ಕಂಪನಿಯೊಂದರ ಮಹಡಿಯ ಮೇಲೆ ತಗಡಿನ ಮಾಡು ಹಾಕಿದ ಒಂದು ಹಾಲ್, ಅಲ್ಲಿ ಪ್ರಾರ್ಥನೆ. ಕೆಳಗೆ ಬಟ್ಟೆಯ ಚೂರಿನ ಮೂಟೆಗಳು, ಬಣ್ಣದ ವಾಸನೆ. ಕೀಬೋರ್ಡಿನ ಮುಂದೆ ಇಪ್ಪತ್ತೆರಡರ ಒಬ್ಬ ಹುಡುಗ, ವಾರದ ದಿನಗಳಲ್ಲಿ ಓವರ್‌ಲಾಕ್ ಹೊಲಿಗೆಯಂತ್ರದ ಮುಂದೆ ಕೂರುವವನು. ಮೊದಲ ಹಾಡಿಗೆ ಗುಂಡಿ ಒತ್ತಿದ, ಡ್ರಮ್ಮು ತನ್ನಷ್ಟಕ್ಕೆ ಶುರುವಾಯಿತು. ಈ ಗುಂಡಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಯಂತ್ರದ ತಾಳ ಯಾರ ಭುಜಕ್ಕೂ ಕಾಯುವುದಿಲ್ಲ. ಮುದುಕಿ ಉಸಿರು ತೆಗೆದುಕೊಂಡಳೋ ಇಲ್ಲವೋ, ಅದಕ್ಕೆ ಏನಾಗಬೇಕು? ಜನ ಅರ್ಧ ಹಾಡಿ ಅರ್ಧ ನುಂಗುತ್ತಿದ್ದರು. ಎದ್ದು ಹೋಗೋಣವೆಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ಏಳೆಂಟು ಹುಡುಗಿಯರು ಎದ್ದು ಮುಂದೆ ಬಂದರು. ಜಾರ್ಖಂಡ್, ಒಡಿಶಾದ ಕಡೆಯವರು, ಬನಿಯನ್ ಕಂಪನಿಗಳಲ್ಲಿ ಚೆಕಿಂಗ್ ಕೆಲಸಕ್ಕೆ ಬಂದವರು. ತಮ್ಮ ನುಡಿಯಲ್ಲಿ ಒಂದು ಹಾಡು ಎತ್ತಿದರು. ಐದು ಸ್ವರದ, ತಿರುಗಿ ತಿರುಗಿ ಅಲ್ಲಿಗೇ ಬರುವ ಹಾಡು, ಕಾಡಿನ, ಗದ್ದೆಯ ಬದುವಿನ ಹಾಡು. ಹುಡುಗ ಹಿಂದೆ ಹಿಂದೆ ಹೋಗಿ ಒಂದು ಸ್ವರಮೇಳ ಹಾಕಿ ನೋಡಿದ, ಕೂಡಲಿಲ್ಲ. ಇನ್ನೊಂದು ಹಾಕಿದ, ಇನ್ನೂ ಕೆಟ್ಟಿತು. ಡ್ರಮ್ಮಿನ ಗುಂಡಿಯತ್ತ ಕೈ ಹೋಯಿತು. ಒತ್ತುತ್ತಾನೆಂದು ನಾನು ಹಲ್ಲು ಕಚ್ಚಿದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತು ಅವರ ಬಾಯನ್ನೇ ನೋಡುತ್ತ ಕೂತ. ಆಮೇಲೆ ಎಡಗೈಯಲ್ಲಿ ಸ, ಪ. ಅಷ್ಟೇ. ಬಲಗೈ ತೊಡೆಯ ಮೇಲೆ.

ಮುಗಿದ ಮೇಲೆ ಹೋಗಿ ಕೇಳಿದೆ, ‘ಇದನ್ನು ಯಾರು ಕಲಿಸಿದ್ದುಂಗ?’ ಎಂದು. ‘ಯಾರೂ ಇಲ್ಲೀಂಗ ಅಯ್ಯಾ. ಬೇರೆ ಏನು ಹಾಕಿದರೂ ಅವರು ಹೆದರಿ ನಿಲ್ಲಿಸಿಬಿಡುತ್ತಿದ್ದರು’ ಎಂದ.

ಅವನಿಂದಲೇ ಇನ್ನೊಂದು ವಿಷಯ ತಿಳಿಯಿತು. ಅಲ್ಲಿಂದ ಸ್ವಲ್ಪ ದೂರದ ಒಂದು ಹಳೆಯ ಸಭೆಯಲ್ಲಿ ಕಾಲಿನಿಂದ ತುಳಿಯುವ ಆರ್ಗನ್ ಒಂದಿತ್ತಂತೆ. ಕಟ್ಟಡ ಹೊಸದು ಮಾಡುವಾಗ ಜಾಗವಿಲ್ಲವೆಂದು ಹಳೇ ಸಾಮಾನಿನವರಿಗೆ ಕೊಟ್ಟರು. ಮರ ತೂಕಕ್ಕೆ, ಹಿತ್ತಾಳೆ ರೀಡು ತೂಕಕ್ಕೆ. ಅದರ ಹೊಟ್ಟೆಯೊಳಗೆ ಕೈಬರಹದ ಹಾಡಿನ ಪುಸ್ತಕಗಳಿದ್ದವು, ಸೋಲ್-ಫಾ ಅಕ್ಷರದಲ್ಲಿ, ಪಕ್ಕದಲ್ಲಿ ಬಣ್ಣದ ಪೆನ್ಸಿಲಿನ ತಿದ್ದುಪಡಿ. ಅವೂ ಹೋದವು. ಯಾರ ಕೈಬರಹವೋ. ನಾನು ಹೋಗಿ ಗುಜರಿ ಅಂಗಡಿಗಳಲ್ಲಿ ಎರಡು ದಿನ ಹುಡುಕಿದೆ, ಸಿಗಲಿಲ್ಲ.

ಆದ್ದರಿಂದ ಕೇಳುಗರಲ್ಲಿ, ಮುಖ್ಯವಾಗಿ ಕೊಳ್ಳೇಗಾಲ, ಚಾಮರಾಜನಗರ, ಮೈಸೂರು, ಮಂಗಳೂರು, ಧಾರವಾಡದ ಸಭೆಗಳ ಹಿರಿಯರಲ್ಲಿ, ನಾಟಕ ಕಂಪನಿಗಳ ಮನೆತನದವರಲ್ಲೂ ನನ್ನದೊಂದು ಕೋರಿಕೆ. ನಿಮ್ಮ ಉಗ್ರಾಣದಲ್ಲಿ ಅಂಥ ಪೆಟ್ಟಿಗೆ ಇದ್ದರೆ ತೂಕಕ್ಕೆ ಹಾಕಬೇಡಿ. ತಿದಿಗೆ ಬಟ್ಟೆ, ಅಂಚಿಗೆ ಚರ್ಮ, ರೀಡಿಗೆ ಒಂದು ಮೆತ್ತನೆಯ ಕುಂಚ ಸಾಕು.  ಅದಕ್ಕೂ ಮೊದಲು ಹಿಂಬದಿಯ ಹಲಗೆ ಬಿಚ್ಚಿ, ಒಳಗೆ ಪುಸ್ತಕಗಳಿವೆಯೇ ನೋಡಿ.